ಒಂದೇ ದಿನದಲ್ಲಿ ಒಪ್ಪಿಗೆಯಾದ ಪ್ರಬಂಧ

ಹೈಡ್ರಾಕ್ಸಿಕ್ಲೋರೊಕ್ವಿನ್ ನೆನಪಿದೆಯಲ್ಲ? ಕೋವಿಡ್‌ಗೆ ಅದೇ ಮದ್ದು ಎಂದು ಜಗತ್ತು ನಂಬಿದ್ದರ ಹಿಂದೆ ಫ್ರಾನ್ಸಿನ ಮಾರ್ಸೇಲ್‌ನ ದಿದಿಯೆ ರಾವುಲ್ ತಂಡದ ಪ್ರಬಂಧವಿತ್ತು. ‘ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಆಂಟಿಮೈಕ್ರೋಬಿಯಲ್ ಏಜೆಂಟ್ಸ್’ ಪತ್ರಿಕೆಗೆ ಅದು ತಲುಪಿದ್ದು 2020ರ ಮಾರ್ಚ್ 16ರಂದು. ಒಪ್ಪಿಗೆಯಾದದ್ದು 17ರಂದು! ಪ್ರಕಟಣೆಗೆ ಮುನ್ನ ಪ್ರಬಂಧವನ್ನು ಪರಿಶೀಲಿಸುವ ವಿಮರ್ಶಕರ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯುವ ನಮ್ಮ ಪಿಎಚ್‌.ಡಿ. ಹುಡುಗರು ಹೊಟ್ಟೆ ಉರಿದುಕೊಳ್ಳಬೇಕು.

ಲೇಖಕರಲ್ಲಿ ಒಬ್ಬರಾದ ಜಾನ್-ಮಾರ್ಕ್ ರೋಲೆನ್ ಆಗ ಅದೇ ಪತ್ರಿಕೆಯ ಪ್ರಧಾನ ಸಂಪಾದಕರು. ವಿಮರ್ಶೆಯಲ್ಲಿ ಅವರು ಕೈಹಾಕಿಲ್ಲ, ಹೊಣೆಯನ್ನು ಸಹಸಂಪಾದಕರಿಗೆ ಬಿಟ್ಟಿದ್ದರು ಎಂದು ಪತ್ರಿಕೆಯ ಹಿಂದಿದ್ದ ಸಂಘ ಹೇಳಿತು. ಇರಬಹುದು. ಆದರೆ ಮೇಲಿನವರ ಬರಹವನ್ನು ‘ಆಗಲ್ಲ ಸಾರ್’ ಎಂದು ವಾಪಸ್ ಕಳಿಸುವ ಧೈರ್ಯ ಎಷ್ಟು ಸಹಸಂಪಾದಕರಿಗಿದ್ದೀತು?

ಕೂಲಂಕಷವಾಗಿ ಓದಿದ್ದರೆ ಲೆಕ್ಕವೇ ಕಣ್ಣಿಗೆ ಬೀಳುತ್ತಿತ್ತು. ಮಾತ್ರೆ ಪಡೆದವರು 26 ಮಂದಿ, ಫಲಿತಾಂಶದಲ್ಲಿ ಉಳಿದವರು 20. ಬಿಟ್ಟುಹೋದ ಆರರಲ್ಲಿ ಮೂವರು ಐಸಿಯು ಸೇರಿದ್ದರು, ಒಬ್ಬರು ತೀರಿಕೊಂಡಿದ್ದರು.

ಹಿತಾಸಕ್ತಿ ಸಂಘರ್ಷದ ನಿಯಮಗಳು ಹೊಸವೇನಲ್ಲ. ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನ ಸಂಪಾದಕ ಆರ್ನಾಲ್ಡ್ ರೆಲ್ಮನ್ 1984ರಲ್ಲೇ ಲೇಖಕರಿಂದ ಕಂಪನಿಗಳ ಜೊತೆಗಿನ ಹಣಕಾಸಿನ ನಂಟಿನ ವಿವರ ಕೇಳತೊಡಗಿದರು. ಮುಂದೆ, ನಂಟಿರುವವರು ಔಷಧಗಳ ಬಗ್ಗೆ ಸಂಪಾದಕೀಯ, ಸಮೀಕ್ಷಾ ಲೇಖನ ಬರೆಯುವಂತೆಯೇ ಇಲ್ಲ ಎಂದಿತು ಆ ಪತ್ರಿಕೆ. ನಂಟಿಲ್ಲದ ತಜ್ಞರು ಸಿಗುತ್ತಿಲ್ಲವೆಂದು 2002ರಲ್ಲಿ ಅದನ್ನೂ ಸಡಿಲಿಸಿತು. ಆದರೆ ಪ್ರಶ್ನೆ ಸುತ್ತುತ್ತಿದ್ದದ್ದು ಬರೆಯುವವರ ಜೇಬಿನ ಸುತ್ತಲೇ. ಸಂಪಾದಕರ ಕುರ್ಚಿಯ ಕಡೆ ಯಾರೂ ಅಷ್ಟಾಗಿ ನೋಡಲಿಲ್ಲ.

ನೋಡುವಂತೆ ಮಾಡಿದ್ದು ‘ಕೇಯಾಸ್, ಸಾಲಿಟಾನ್ಸ್ ಅಂಡ್ ಫ್ರ್ಯಾಕ್ಟಲ್ಸ್’ ಎಂಬ ವಿಜ್ಞಾನ ಪತ್ರಿಕೆ. ಅದರ ಸಂಪಾದಕ ಮೊಹಮದ್ ಎಲ್ ನಾಶಿ ತಮ್ಮದೇ ಪತ್ರಿಕೆಯಲ್ಲಿ ತಮ್ಮದೇ ನೂರಾರು ಪ್ರಬಂಧ ಪ್ರಕಟಿಸಿಕೊಂಡಿದ್ದರು. 2008ರಲ್ಲಿ ‘ನೇಚರ್’ ಇದನ್ನು ಬರೆದಾಗ ಮಾನನಷ್ಟ ಮೊಕದ್ದಮೆ ಹೂಡಿ, 2012ರಲ್ಲಿ ಲಂಡನ್ನಿನಲ್ಲಿ ಸೋತರು. ಪ್ರಕಾಶಕರು ಎಲ್ಸೆವಿಯರ್. ಮಾರ್ಸೇಲ್ ಪ್ರಬಂಧದ ಪತ್ರಿಕೆಯ ಪ್ರಕಾಶಕರೂ ಅವರೇ.

ಆ ಪ್ರಬಂಧ ನಿರೀಕ್ಷಿತ ಮಟ್ಟದಲ್ಲಿಲ್ಲವೆಂದು ಪತ್ರಿಕೆಯ ಹಿಂದಿದ್ದ ಆ ಸಂಘವೇ 2020ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತ್ತು. ಆದರೂ ಹಿಂಪಡೆದದ್ದು 2024ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಅದನ್ನು ಉಲ್ಲೇಖಿಸಿದ ಬರಹಗಳು ಸಾವಿರಾರು. ಲೇಖಕರಲ್ಲಿ ಮೂವರು ನಮ್ಮ ಹೆಸರು ಬೇಡ ಎಂದರು. ರಾವುಲ್ ಸೇರಿದಂತೆ ಹಲವರು ಹಿಂಪಡೆಯುವುದನ್ನೇ ಒಪ್ಪಲಿಲ್ಲ.