ಆಲ್ಕೀನ್‌ಗಳ ರಚನೆ ಮತ್ತು ರಾಸಾಯನಿಕ ಗುಣಗಳು: ಪೈ ಬಂಧದಿಂದ ಆರಂಭಿಸಿ

ಕಾರ್ಬನ್-ಕಾರ್ಬನ್ ದ್ವಿಬಂಧವಿರುವ ಹೈಡ್ರೋಕಾರ್ಬನ್‌ಗಳಾದ ಆಲ್ಕೀನ್‌ಗಳ ಕ್ರಿಯೆಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವ ಮೊದಲು ಅವುಗಳ ದ್ವಿಬಂಧವನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಈಥೀನ್‌ನ ಎರಡೂ ಕಾರ್ಬನ್‌ಗಳು ಎಸ್‌ಪಿ² ಸಂಕರಣ (ಒಂದು ಎಸ್ ಮತ್ತು ಎರಡು ಪಿ ಕಕ್ಷಕಗಳ ಬೆರಕೆ) ಹೊಂದಿರುವುದರಿಂದ ಆರೂ ಪರಮಾಣುಗಳು ಒಂದೇ ಸಮತಲದಲ್ಲಿರುತ್ತವೆ ಮತ್ತು ಬಂಧಕೋನಗಳು 120 ಡಿಗ್ರಿಗೆ ಹತ್ತಿರವಾಗಿರುತ್ತವೆ. ಸಂಕರಣದಲ್ಲಿ ಪಾಲ್ಗೊಳ್ಳದೆ ಉಳಿದ ಪಿ ಕಕ್ಷಕಗಳು ಪಕ್ಕಪಕ್ಕದಲ್ಲಿ ಅತಿವ್ಯಾಪಿಸಿ, ಸಮತಲದ ಮೇಲೂ ಕೆಳಗೂ ಹರಡಿದ ಪೈ ಬಂಧವನ್ನು ಉಂಟುಮಾಡುತ್ತವೆ. ಕಾರ್ಬನ್‌ಗಳ ನಡುವೆ ಕಕ್ಷಕಗಳ ನೇರ ಅತಿವ್ಯಾಪನೆಯಿಂದಾದ ಸಿಗ್ಮಾ ಬಂಧವನ್ನು ಮುರಿಯಲು ಮೋಲ್ ಒಂದಕ್ಕೆ ಸುಮಾರು 397 ಕಿಲೋಜೂಲ್ ಬೇಕಾದರೆ ಪೈ ಬಂಧಕ್ಕೆ ಸುಮಾರು 284 ಸಾಕು. ಆದ್ದರಿಂದ ಎಲೆಕ್ಟ್ರಾನ್ ಅಪೇಕ್ಷಿಸುವ ಯಾವ ಕಾರಕ ಬಂದರೂ ಮೊದಲು ಮುರಿಯುವುದು ಪೈ ಬಂಧವೇ. ದ್ವಿಬಂಧದ ಕಾರ್ಬನ್‌ಗಳಿಗೆ ಹೊಸ ಪರಮಾಣುಗಳು ಸೇರುವ ಸಂಕಲನ ಕ್ರಿಯೆಯೇ ಆಲ್ಕೀನ್‌ಗಳ ಮುಖ್ಯ ಲಕ್ಷಣವಾಗಿರುವುದಕ್ಕೆ ಕಾರಣ ಇದು. ದ್ವಿಬಂಧದ ಸುತ್ತ ತಿರುಗಬೇಕಾದರೂ ಈ ಬಂಧ ಮುರಿಯಲೇಬೇಕಾದುದರಿಂದ 2-ಬ್ಯೂಟೀನ್‌ಗೆ ಸಿಸ್ (ಮೀಥೈಲ್ ಗುಂಪುಗಳು ಒಂದೇ ಬದಿಯಲ್ಲಿ) ಮತ್ತು ಟ್ರಾನ್ಸ್ (ಎದುರು ಬದಿಗಳಲ್ಲಿ) ಎಂಬ ಎರಡು ರೂಪಗಳಿವೆ.

ಪ್ರೊಪೀನ್ ಮತ್ತು ಹೈಡ್ರೋಜನ್ ಬ್ರೋಮೈಡ್‌ಗಳ ಕ್ರಿಯೆಯನ್ನು ನಿಧಾನವಾಗಿ ನೋಡೋಣ. ಪೈ ಎಲೆಕ್ಟ್ರಾನ್‌ಗಳು ಪ್ರೋಟಾನನ್ನು ಸೆಳೆದಾಗ ಅದು ತುದಿಯ ಕಾರ್ಬನ್‌ಗೆ ಸೇರಿ, ನಡುವಿನ ಕಾರ್ಬನ್ ಮೇಲೆ ಧನಾವೇಶ ಉಳಿಯುತ್ತದೆ. ಹೀಗುಂಟಾದ ದ್ವಿತೀಯಕ ಕಾರ್ಬೊಕ್ಯಾಟಯಾನ್ (ಧನಾವೇಶದ ಕಾರ್ಬನ್‌ಗೆ ಇತರ ಎರಡು ಕಾರ್ಬನ್‌ಗಳು ಸೇರಿರುವ ಅಯಾನು; ಪ್ರಾಥಮಿಕದಲ್ಲಿ ಒಂದೇ) ಪ್ರಾಥಮಿಕ ಕಾರ್ಬೊಕ್ಯಾಟಯಾನ್‌ಗಿಂತ ಸ್ಥಿರವಾಗಿರುವುದರಿಂದ, ಬ್ರೋಮೈಡ್ ಅಯಾನು ಅಲ್ಲಿಗೇ ಸೇರಿ 2-ಬ್ರೋಮೋಪ್ರೊಪೇನ್ ಪ್ರಧಾನ ಉತ್ಪನ್ನವಾಗುತ್ತದೆ. ಹೈಡ್ರೋಜನ್ ಈಗಾಗಲೇ ಹೆಚ್ಚು ಹೈಡ್ರೋಜನ್ ಇರುವ ಕಾರ್ಬನ್‌ಗೇ ಸೇರುತ್ತದೆ ಎಂದು 1869ರಲ್ಲಿ ರಷ್ಯಾದ ರಸಾಯನಶಾಸ್ತ್ರಜ್ಞ ಮಾರ್ಕೊವ್ನಿಕಾವ್ ಕಂಡುಕೊಂಡ ನಿಯಮದ ಹಿಂದಿರುವ ಕಾರಣ ಇದೇ. ಪೆರಾಕ್ಸೈಡ್ ಇದ್ದರೆ 1-ಬ್ರೋಮೋಪ್ರೊಪೇನ್ ದೊರೆಯುತ್ತದೆ. ಇದನ್ನು ಹಲವರು ನಿಯಮಕ್ಕೆ ಅಪವಾದವೆಂದು ಬರೆದುಕೊಳ್ಳುತ್ತಾರೆ. ನನಗೆ ಮಾತ್ರ ಇದು ಅದೇ ತರ್ಕದ ಇನ್ನೊಂದು ಮುಖವೆನಿಸುತ್ತದೆ. ಇಲ್ಲಿ ಮೊದಲು ಸೇರುವುದು ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಬ್ರೋಮಿನ್ ಪರಮಾಣು, ಅಂದರೆ ಬ್ರೋಮಿನ್ ರ‍್ಯಾಡಿಕಲ್. ಅದೂ ತುದಿಯ ಕಾರ್ಬನ್‌ಗೇ ಸೇರಿ, ಹೆಚ್ಚು ಸ್ಥಿರವಾದ ದ್ವಿತೀಯಕ ರ‍್ಯಾಡಿಕಲನ್ನೇ ಉಂಟುಮಾಡುತ್ತದೆ. ಬದಲಾಗಿರುವುದು ಯಾವುದು ಮೊದಲು ಸೇರುತ್ತದೆ ಎಂಬುದಷ್ಟೇ. ಹೈಡ್ರೋಜನ್ ಕ್ಲೋರೈಡ್ ಮತ್ತು ಹೈಡ್ರೋಜನ್ ಅಯೋಡೈಡ್‌ಗಳಲ್ಲಿ ಈ ಪರಿಣಾಮ ಕಾಣುವುದಿಲ್ಲ.

ನಿಕಲ್ ಸಮ್ಮುಖದಲ್ಲಿ ಹೈಡ್ರೋಜನ್ ಸೇರಿ ಆಲ್ಕೇನ್ ಆಗುವುದು, ಓಜೋನ್ ಅಪಘಟನೆಯಲ್ಲಿ ದ್ವಿಬಂಧವೇ ಪೂರ್ತಿ ಸೀಳಿ ಆಲ್ಡಿಹೈಡ್ ಅಥವಾ ಕೀಟೋನ್ ದೊರೆಯುವುದು, ಈಥೀನ್ ಪಾಲಿಥೀನ್ ಆಗುವುದು ಇವನ್ನೂ ನೆನಪಿಡಬೇಕು. ಅಪರ್ಯಾಪ್ತತೆಯ (ದ್ವಿಬಂಧ ಅಥವಾ ತ್ರಿಬಂಧ ಇದೆಯೇ ಎಂಬುದರ) ಪರೀಕ್ಷೆಯಲ್ಲಿ ಬ್ರೋಮಿನ್ ನೀರಿನ ಕಿತ್ತಳೆ-ಕೆಂಪು ಬಣ್ಣ ಮಾಯವಾಗುತ್ತದೆ. ತಣ್ಣನೆಯ ದುರ್ಬಲ ಪೊಟ್ಯಾಸಿಯಂ ಪರ್ಮಾಂಗನೇಟ್‌ನ ನೇರಳೆ ಬಣ್ಣ ಹೋಗಿ ಮ್ಯಾಂಗನೀಸ್ ಡೈಆಕ್ಸೈಡ್‌ನ ಕಂದು ಒತ್ತರ (ಕರಗದೆ ಉಳಿಯುವ ಘನ) ಕಾಣುತ್ತದೆ. ಆದರೆ ಫೀನಾಲ್ ಕೂಡ ಬ್ರೋಮಿನ್ ನೀರಿನ ಬಣ್ಣ ಕಳೆಯುತ್ತದೆ, ಆಲ್ಡಿಹೈಡ್‌ಗಳು ಪರ್ಮಾಂಗನೇಟ್‌ನ ಬಣ್ಣ ಕಳೆಯಬಲ್ಲವು. ಆದ್ದರಿಂದ ಒಂದೇ ಪರೀಕ್ಷೆಯ ಬಲದ ಮೇಲೆ ಆಲ್ಕೀನ್ ಎಂದು ಬರೆದುಬಿಡುವುದು ತಪ್ಪಾಗುತ್ತದೆ.