ಚೆಸ್ ಎಂಜಿನ್ +2.5 ಅನ್ನುತ್ತದೆ, ಗೆಲುವು ಮಾತ್ರ ಕಾಣುತ್ತಿಲ್ಲ. ಯಾಕೆ?

ಪ್ರಶ್ನೆ: ಅಂತ್ಯಾಟದ ಒಂದು ಸ್ಥಿತಿಯನ್ನು ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್‌ಗೆ (ನಡೆಗಳನ್ನು ಲೆಕ್ಕಹಾಕುವ ತಂತ್ರಾಂಶಕ್ಕೆ) ಕೊಟ್ಟಿದ್ದೇನೆ. ಬಿಳಿಗೆ +2.5 ತೋರಿಸುತ್ತದೆ. ಎಷ್ಟು ಹೊತ್ತು ಬಿಟ್ಟರೂ ಅಂಕ ಕದಲುತ್ತಿಲ್ಲ. ನಂಬಬಹುದೇ?

ಉತ್ತರ: ಕದಲದಿರುವುದೇ ಅನುಮಾನಕ್ಕೆ ಕಾರಣ. ಗೆಲುವು ನಿಜವಾಗಿದ್ದರೆ ಹುಡುಕಾಟದ ಆಳ ಹೆಚ್ಚಿದಂತೆ ಅಂಕವೂ ಸಾಮಾನ್ಯವಾಗಿ ಏರುತ್ತದೆ. +2.5 ಅಂದರೆ ಎರಡೂವರೆ ಕಾಲಾಳಿನ ಲಾಭ ಎಂದೂ ಓದಬೇಡಿ. ಸ್ಟಾಕ್‌ಫಿಶ್ 15.1ರಿಂದೀಚೆಗೆ +1.00 ಎಂದರೆ ತನ್ನದೇ ಮಟ್ಟದ ಎಂಜಿನ್ ಎದುರು ಗೆಲ್ಲುವ ಸಾಧ್ಯತೆ ಶೇ 50 ಎಂಬ ಅಳತೆ. ಏನೇ ಆದರೂ ಅದು ಅಂದಾಜು, ಪುರಾವೆಯಲ್ಲ.

ಮೊದಲು ಸ್ಥಿತಿ ಸರಿಯಾಗಿ ನಮೂದಾಗಿದೆಯೇ ನೋಡಿ. ಕಾಯಿಗಳೆಲ್ಲ ಸರಿಯಿದ್ದು, ಯಾರ ಸರದಿ ಎಂಬುದೊಂದು ತಪ್ಪಿದ್ದರೂ ಉತ್ತರವೇ ಬೇರೆಯಾಗುತ್ತದೆ.

ರಾಜರೂ ಸೇರಿ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದಿದ್ದರೆ ಎಂಜಿನ್ ಬಿಟ್ಟುಬಿಡಿ. ಲಿಚೆಸ್ ಜಾಲತಾಣದಲ್ಲಿ ಸಿಜಿಜಿ ಟೇಬಲ್‌ಬೇಸ್ (ಇಂಥ ಸ್ಥಿತಿಗಳ ಫಲಿತಾಂಶವನ್ನು ಮೊದಲೇ ಲೆಕ್ಕಹಾಕಿಟ್ಟ ಕೋಶ) ಉಚಿತ. ಅದರ ತೀರ್ಪೇ ಕೊನೆ. ಉದಾಹರಣೆಗೆ, ಬಿಳಿಯ ಬಳಿ ಬಿಳಿಮನೆ ಬಿಷಪ್ ಮತ್ತು ಎಚ್ ಸಾಲಿನ ಕಾಲಾಳು ಮಾತ್ರ ಇದ್ದು, ಕಪ್ಪಿನ ಒಂಟಿ ರಾಜ ಎಚ್8 ಮೂಲೆ ಸೇರಿದ್ದರೆ ಆಟ ಡ್ರಾ. ಕಾಲಾಳು ರಾಣಿಯಾಗಬೇಕಾದ ಎಚ್8 ಕಪ್ಪುಮನೆ, ಬಿಷಪ್ ಅದನ್ನು ಎಂದೂ ಮುಟ್ಟಲಾರದು.

ಕಾಯಿಗಳು ಹೆಚ್ಚಿದ್ದರೆ ಕೋಟೆಯ ಶಂಕೆ ಬರಬೇಕು. ಒಳನುಗ್ಗಲು ದಾರಿಯೇ ಇಲ್ಲದ ಇಂಥ ರಕ್ಷಣೆಯನ್ನು ಎಂಜಿನ್ ತಡವಾಗಿ ಗುರುತಿಸುತ್ತದೆ, ಯಾಕೆಂದರೆ ಎಷ್ಟು ಮುಂದೆ ನೋಡಿದರೂ ಹೆಚ್ಚುವರಿ ಕಾಯಿ ಹಲಗೆಯ ಮೇಲೆಯೇ ಇರುತ್ತದೆ. ಪರೀಕ್ಷೆ ಹೀಗೆ: ಮಲ್ಟಿಪಿವಿ (ಒಮ್ಮೆಗೆ ಎಷ್ಟು ಉತ್ತಮ ನಡೆ ತೋರಿಸಬೇಕೆಂಬ ಸೆಟ್ಟಿಂಗ್) 4ಕ್ಕೆ ಇಡಿ. ನಾಲ್ಕೂ ನಡೆಗಳಿಗೆ ಹೆಚ್ಚುಕಡಿಮೆ ಒಂದೇ ಅಂಕವಿದ್ದರೆ ಬಹುಶಃ ಎಂಜಿನ್‌ಗೆ ಯೋಜನೆಯಿಲ್ಲ, ಸುಮ್ಮನೆ ಕಾಯಿ ಸರಿಸುತ್ತಿದೆ. ಬಳಿಕ ಎರಡೂ ಕಡೆಯ ಉತ್ತಮ ನಡೆಗಳನ್ನು ಹಲಗೆಯಲ್ಲೇ ಹದಿನೈದಿಪ್ಪತ್ತು ನಡೆಗಳವರೆಗೆ ಆಡಿ ನೋಡಿ. ಅಂಕ ಅಲ್ಲೇ ನಿಂತರೆ, ಅಥವಾ 50 ನಡೆಗಳ ನಿಯಮ (ಕಾಯಿ ಹೊಡೆಯದೆ, ಕಾಲಾಳು ಸರಿಸದೆ 50 ನಡೆ ಕಳೆದರೆ ಡ್ರಾ ಕೇಳಬಹುದು) ಹತ್ತಿರವಾದಂತೆ ಇಳಿದರೆ, ಅದು ಬಹುಪಾಲು ಡ್ರಾ. ಹ್ಯಾಶ್ (ಎಂಜಿನ್‌ನ ನೆನಪಿನ ಕೋಶ) ಅಳಿಸದೆ ಒಂದೊಂದೇ ನಡೆ ಹಿಂದಕ್ಕೆ ಬನ್ನಿ. ಮುಂದೆ ಕಂಡದ್ದು ನೆನಪಿನಲ್ಲಿ ಉಳಿದು, ಆರಂಭದ ಅಂಕವೂ ತಿದ್ದುಪಡಿಯಾಗಬಹುದು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಗೆಲುವಿದ್ದರೂ ಎಂಜಿನ್‌ಗೆ ಕಾಣದಿರುವುದು. 1998ರ ಲಿನಾರೆಸ್ ಟೂರ್ನಿಯಲ್ಲಿ ಟೊಪಲೋವ್ ಎದುರು ಶಿರೋವ್ 47ನೇ ನಡೆಯಲ್ಲಿ ಬಿಷಪ್ಪನ್ನು ಎಚ್3ಕ್ಕೆ ಇಟ್ಟು ಬಿಟ್ಟಿಯಾಗಿ ಕೊಟ್ಟರು. ರಾಜ ಇ4 ತಲುಪಲು ಒಂದು ನಡೆ ಉಳಿಯಲಿ ಎಂದು. ಆ ಕಾಲದ ಎಂಜಿನ್‌ಗಳಿಗೆ ಇದು ಹೊಳೆಯಲಿಲ್ಲ. ಕಾಯಿ ಕಳೆದು ತಕ್ಷಣ ಏನೂ ಸಿಗದ ಕವಲುಗಳನ್ನು ಎಂಜಿನ್ ಬೇಗ ಕತ್ತರಿಸುತ್ತದೆ. ನಿಮ್ಮ ಸ್ಥಿತಿಯಲ್ಲೂ ಅಂಥ ಬಲಿದಾನದ ಗುಮಾನಿ ಇದ್ದರೆ ಆ ನಡೆಯನ್ನು ಕೈಯಾರೆ ಆಡಿ, ಅದರ ಮುಂದಿನ ಸ್ಥಿತಿಯಿಂದ ಎಂಜಿನ್ ಓಡಿಸಿ.