ಗುರಿಗೂ ಮನೆ ಕಾವಲಿಗೂ ಒಂದೇ ಪಿಸ್ತೂಲು ಸಾಕೇ?

ಗುಬ್ಬಿ ತಾಲ್ಲೂಕಿನ ಓದುಗರೊಬ್ಬರು ಕೇಳಿದ್ದಾರೆ: "ನಮ್ಮದು ಊರಾಚೆಯ ತೋಟದ ಮನೆ. ಟಿವಿಯಲ್ಲಿ ಒಲಿಂಪಿಕ್ಸ್ ಶೂಟಿಂಗ್ ನೋಡಿದ ಮೇಲೆ ಕಲಿಯಬೇಕು ಅನ್ನಿಸಿದೆ. ಗುರಿ ಅಭ್ಯಾಸಕ್ಕೂ ಆಗಬೇಕು, ಮನೆ ಕಾವಲಿಗೂ ಆಗಬೇಕು. ಮೊದಲನೇ ಪಿಸ್ತೂಲು ಯಾವುದು ತಗೊಳ್ಳಲಿ?"

ತುಮಕೂರಿನಲ್ಲಿ ಇದೇ ಪ್ರಶ್ನೆಯನ್ನು ಸುಮಾರು ಜನ ನನ್ನನ್ನು ಕೇಳಿದ್ದಾರೆ. ಎಲ್ಲರಿಗೂ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಈ ಎರಡು ಕೆಲಸಕ್ಕೆ ಹೊಂದುವ ಒಂದೇ ಪಿಸ್ತೂಲು ಇಲ್ಲ. ಗುರಿ ಕಲಿಯಬೇಕಾದರೆ ಗಾಳಿಯ ಒತ್ತಡದಿಂದ ಹೊಡೆಯುವ ಏರ್ ಪಿಸ್ತೂಲು ತಗೊಳ್ಳಿ. ಕಾವಲಿನ ವಿಷಯವನ್ನು ಮನೆಯವರ ಜೊತೆ ಕೂತು ಬೇರೆಯಾಗಿ ಯೋಚಿಸಿ.

ನಮ್ಮಲ್ಲಿ ಲೈಸೆನ್ಸ್ ಮೇಲೆ ಸಾಮಾನ್ಯ ಜನರಿಗೆ ಸಿಗುವ ರಿವಾಲ್ವರ್, ಪಿಸ್ತೂಲು ಹೆಚ್ಚಾಗಿ .32 ಬೋರಿನವು (ಬೋರ್ ಅಂದರೆ ನಳಿಗೆಯ ಒಳಗಿನ ಅಗಲ). ಸಿನಿಮಾದಲ್ಲಿ ಕಾಣುವ 9 ಎಂಎಂ ನಿಷೇಧಿತ ಬೋರ್, ಅದರ ಆಸೆ ಬಿಡಿ. ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್, ಅಶನಿ ಪಿಸ್ತೂಲು, 2014ರಲ್ಲಿ ಕಾನ್ಪುರದಿಂದ ಬಂದ ಹಗುರವಾದ ನಿರ್ಭೀಕ್, ಅಂಗಡಿಯಲ್ಲಿ ಕೇಳಿಬರುವುದು ಇಂಥ ಹೆಸರುಗಳೇ. ಇವೆಲ್ಲ ನಾಲ್ಕಾರು ಹೆಜ್ಜೆ ದೂರಕ್ಕೆ ಮಾಡಿದವು. ನಳಿಗೆ ಗಿಡ್ಡ. ರಿವಾಲ್ವರಿನ ಟ್ರಿಗರ್ ಎಳೆಯಲು ಹಲವು ಕೇಜಿ ಬಲ ಬೇಕು. ತೋಟಾ ಎಷ್ಟು ಕೊಳ್ಳಬಹುದು ಎಂಬ ಮಿತಿ ಲೈಸೆನ್ಸಿನಲ್ಲೇ ಬರೆದಿರುತ್ತದೆ, ಬೆಲೆಯೂ ಜಾಸ್ತಿ. ಹೊಸಬರಿಗೆ ಬೇಕಾಗುವುದು ಸಾವಿರಾರು ಗುಂಡಿನ ಅಭ್ಯಾಸ. ಅದನ್ನು .32ರಲ್ಲಿ ಮಾಡಲು ಹೇಗೆ ಸಾಧ್ಯ?

ಇನ್ನು ಏರ್ ಪಿಸ್ತೂಲು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಿದ್ದು ಇದರಲ್ಲೇ. ದೂರ 10 ಮೀಟರ್, ಅಂದರೆ 33 ಅಡಿ. ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ನಿಂತುಕೊಂಡು ಒಂದೇ ಕೈಯಲ್ಲಿ ಹಿಡಿದು ಹೊಡೆಯಬೇಕು. ಅರ್ಹತಾ ಸುತ್ತಿನಲ್ಲಿ 75 ನಿಮಿಷಕ್ಕೆ 60 ಗುಂಡು. .177 ಅಂದರೆ 4.5 ಮಿಲಿಮೀಟರ್ ಬೋರ್ ಇದ್ದು, ಶಕ್ತಿ 20 ಜೌಲ್ ದಾಟದಿದ್ದರೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನ ಶಕ್ತಿ ಇದಕ್ಕಿಂತ ಎಷ್ಟೋ ಕಡಿಮೆ.

ಕೊಳ್ಳುವಾಗ ಬ್ರ್ಯಾಂಡ್ ಆಮೇಲೆ ಕೇಳಿ, ಮೊದಲು ಹಿಡಿಯನ್ನು ನೋಡಿ. ಒಳ್ಳೆಯ ಏರ್ ಪಿಸ್ತೂಲಿನ ಮರದ ಹಿಡಿ ಕೈಯ ಅಳತೆಗೆ ತಕ್ಕಂತೆ ಸಣ್ಣದು, ಮಧ್ಯಮ, ದೊಡ್ಡದು ಅಂತ ಬರುತ್ತದೆ. ಎಡಗೈಯವರಿಗೆ ಬೇರೆಯೇ ಇದೆ. ಪಿಸ್ತೂಲು ಹಿಡಿದು ಕಣ್ಣು ಮುಚ್ಚಿ ಕೈ ಚಾಚಿ, ಕಣ್ಣು ತೆರೆದಾಗ ಗುರಿ ನೋಡುವ ಮುಂದಿನ ಮೊನೆ ಹಿಂದಿನ ಕಚ್ಚಿನ ನಡುವೆ ತಾನಾಗೇ ಕೂತಿದ್ದರೆ ಆ ಹಿಡಿ ನಿಮ್ಮದು. ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು ಅನ್ನುವುದು ಸ್ಪರ್ಧೆಯ ನಿಯಮ, ಅದನ್ನು ತಿರುಪಿನಲ್ಲಿ ಹೊಂದಿಸಬಹುದು. ಕಡಿಮೆ ಬೆಲೆಯ ಸ್ಪ್ರಿಂಗ್ ಪಿಸ್ತೂಲು ಬೇಡ. ಹೊಡೆದಾಗ ಒಳಗಿನ ಸ್ಪ್ರಿಂಗು ಕೈಯನ್ನು ಕುಲುಕುತ್ತದೆ, ತಪ್ಪು ನಿಮ್ಮದೋ ಪಿಸ್ತೂಲಿನದೋ ಗೊತ್ತಾಗುವುದಿಲ್ಲ. ಗಾಳಿ ತುಂಬಿಸುವ ಸಿಲಿಂಡರ್ ಇರುವುದನ್ನೇ ತಗೊಳ್ಳಿ, ಜೊತೆಗೆ ಕೈಪಂಪು. ಇಲ್ಲದಿದ್ದರೆ ಗಾಳಿ ತುಂಬಿಸಲು ಪ್ರತಿ ಸಲ ಬೆಂಗಳೂರಿನ ದಾರಿ ಹಿಡಿಯಬೇಕಾದೀತು. ಮೊರಿನಿ, ಸ್ಟೈಯರ್, ವಾಲ್ಥರ್, ಪಾರ್ಡಿನಿ ಎಲ್ಲವೂ ಹೆಸರಾದವು, ಬೆಲೆ ಲಕ್ಷ ದಾಟುತ್ತದೆ. ಕಲಿಯುವ ಮೊದಲ ಕೆಲವು ತಿಂಗಳು ಕ್ಲಬ್ಬಿನ ಪಿಸ್ತೂಲಲ್ಲೇ ಹೊಡೆಯಿರಿ.

ತೋಟದ ಮನೆಯ ಉದ್ದನೆಯ ಪಡಸಾಲೆಯಲ್ಲೂ ಅಭ್ಯಾಸ ಮಾಡಬಹುದು. ಗುರಿಯ ಹಿಂದೆ ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಗುಂಡು) ಹಿಡಿಯುವ ಕಬ್ಬಿಣದ ಪೆಟ್ಟಿಗೆ, ಅದರ ಹಿಂದೆ ಗಟ್ಟಿ ಗೋಡೆ ಇರಬೇಕು. ಪೆಲೆಟ್ ಹಿಂದಕ್ಕೆ ಪುಟಿಯುತ್ತದೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಗುರಿಯ ಕಡೆಗೆ ತೆರೆದುಕೊಳ್ಳುವ ಬಾಗಿಲಿದ್ದರೆ ಚಿಲಕ ಹಾಕಿ, ಯಾರೂ ಅಡ್ಡ ಬರಬಾರದು. ಪೆಲೆಟ್ ಸೀಸದ್ದು. ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಕಾವಲಿನ ವಿಷಯಕ್ಕೆ ಬರುತ್ತೇನೆ. ಕೊಬ್ಬರಿ, ಅಡಿಕೆ ಕಳ್ಳತನದ ಭಯ ನಮ್ಮ ಕಡೆ ನಿಜ. ಒಂಟಿ ಮನೆಯಲ್ಲಿ ವಯಸ್ಸಾದವರನ್ನು ಬಿಟ್ಟು ಪೇಟೆಗೆ ಹೋಗುವ ಆತಂಕ ನನಗೂ ಗೊತ್ತು. ಆದರೆ ಕಾನೂನು ಏನು ಹೇಳುತ್ತದೆ ನೋಡಿ. ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಪ್ರಕಾರ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಬಲ ಬಳಸಬೇಕು, ಪೊಲೀಸರ ಸಹಾಯ ಪಡೆಯಲು ಸಮಯವಿದ್ದರೆ ಆ ಹಕ್ಕೂ ಇಲ್ಲ. ದರೋಡೆ, ರಾತ್ರಿ ಹೊತ್ತು ಮನೆ ಒಡೆದು ನುಗ್ಗುವುದು, ಮನೆಗೆ ಬೆಂಕಿ ಇಡುವುದು, ಜೀವಕ್ಕೇ ಅಪಾಯವಾಗುವಂಥ ಕಳ್ಳತನ, ಇಂಥ ಸಂದರ್ಭಗಳನ್ನು 41ನೇ ಕಲಂ ಬೇರೆಯಾಗಿ ಹೇಳುತ್ತದೆ. ಕೊಬ್ಬರಿ ಚೀಲ ಹೊತ್ತು ಓಡುತ್ತಿರುವವನ ಬೆನ್ನಿಗೆ ಗುಂಡು ಹೊಡೆದರೆ ಅದು ರಕ್ಷಣೆ ಅಲ್ಲ, ಕೊಲೆ ಕೇಸು. ಚಿರತೆಗೆ ಅಂತ ಹೇಳುವವರೂ ಇದ್ದಾರೆ. ಚಿರತೆಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಅರಣ್ಯ ಇಲಾಖೆಗೆ ಫೋನ್ ಮಾಡಿ, .32 ಅದಕ್ಕೆ ಉತ್ತರವಲ್ಲ.

ಅಷ್ಟಾದರೂ ನಿಮಗೆ ನಿಜವಾದ ಬೆದರಿಕೆ ಇದೆ ಅಂದುಕೊಳ್ಳೋಣ. ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. ಅರ್ಜಿ ಡಿಸಿ ಕಚೇರಿಗೆ ಹೋಗುತ್ತದೆ, ಠಾಣೆಯಿಂದ ವರದಿ ತರಿಸುತ್ತಾರೆ. ಯಾಕೆ ಬೇಕು ಅನ್ನುವುದಕ್ಕೆ ಗಟ್ಟಿ ಕಾರಣ ಕೊಡಬೇಕು. ಸುರಕ್ಷತಾ ತರಬೇತಿಯ ಪ್ರಮಾಣಪತ್ರವನ್ನೂ ಕೇಳುತ್ತಾರೆ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ 5 ವರ್ಷ, ಒಬ್ಬರಿಗೆ ಎರಡೇ ಬಂದೂಕು. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ ಖುಷಿಗೆ ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಆಗಲೂ ಪಿಸ್ತೂಲಿಗಿಂತ ರಿವಾಲ್ವರ್ ವಾಸಿ ಅನ್ನುವುದು ನನ್ನ ಅಭಿಪ್ರಾಯ. ರಿವಾಲ್ವರ್ ತೆರೆದರೆ ಗುಂಡು ಕೂರುವ ಸಿಲಿಂಡರ್ ತುಂಬಿದೆಯೋ ಖಾಲಿಯೋ ಕಣ್ಣಿಗೆ ಕಾಣುತ್ತದೆ. ಪಿಸ್ತೂಲಿನಲ್ಲಿ ಗುಂಡು ತುಂಬುವ ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಎಷ್ಟೋ ಅನಾಹುತ ಆ ಒಂದು ಗುಂಡಿನಿಂದ ಆಗಿದೆ. ತೋಟಾ ಕೊಳ್ಳುವಾಗಲೂ ಜೋಪಾನ. ಎರಡನ್ನೂ .32 ಅಂತಲೇ ಕರೆಯುತ್ತಾರೆ, ಆದರೆ ಆ ರಿವಾಲ್ವರಿನ ತೋಟಾ ಉದ್ದ, ಅಶನಿಯದು ಗಿಡ್ಡ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ.

ನಮ್ಮ ಅಜ್ಜನ ಮನೆಯಲ್ಲಿ ಬೆಳೆ ಕಾವಲಿಗೆ ಒಂದು ಜೋಡಿನಳಿಗೆ ಬಂದೂಕು ಇತ್ತು. ಚುನಾವಣೆ ಬಂದಾಗಲೆಲ್ಲ ಅಜ್ಜ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಒಂದು ಸಲ ವಾಪಸ್ ತಂದ ಸಂಜೆ ಚಿಕ್ಕಪ್ಪ ಅದಕ್ಕೆ ತೋಟಾ ತುಂಬಿ ಮೂಲೆಯಲ್ಲಿ ಇಟ್ಟಿದ್ದರು. ಠಾಣೆಯಿಂದ ಬಂದದ್ದು, ಖಾಲಿ ಇದೆ ಅಂದುಕೊಂಡು ನಮ್ಮಣ್ಣ ಟ್ರಿಗರ್ ಎಳೆದ. ಹೆಂಚು ತೂತಾಯಿತು. ಅದರ ಕೆಳಗೆ ಸ್ವಲ್ಪ ಹೊತ್ತಿಗೆ ಮುಂಚೆ ಅಜ್ಜಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಆ ತೂತಿನಿಂದ ಬೀಳುತ್ತಿದ್ದ ಬಿಸಿಲು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಹಾಗಾಗಿ ಬಂದೂಕು ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ. ಹಾಗಿಟ್ಟರೆ ರಾತ್ರಿ ಕೈಗೆ ಬೇಗ ಸಿಗುವುದಿಲ್ಲವಲ್ಲ ಅನ್ನುತ್ತೀರಿ. ಸಿಗುವುದಿಲ್ಲ, ನಿಜ. ಬೇಗ ಸಿಗುವ ಹಾಗೆ ಇಟ್ಟರೆ ಅದು ಮಗುವಿಗೂ ಸಿಗುತ್ತದೆ, ಕುಡಿದು ಬಂದವರಿಗೂ ಸಿಗುತ್ತದೆ, ಮನಸ್ಸು ಕುಸಿದು ಕೂತವರಿಗೂ ಸಿಗುತ್ತದೆ. ಮನೆಯಲ್ಲಿ ಅಂಥವರು ಒಬ್ಬರಿದ್ದರೂ ಬಂದೂಕು ತರಲೇಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅಂಗಳಕ್ಕೆ ತಾನಾಗಿ ಹತ್ತುವ ದೀಪ, ಜಗುಲಿಗೆ ಕಬ್ಬಿಣದ ಗ್ರಿಲ್ಲು, ಎರಡು ನಾಟಿ ನಾಯಿ, ಫೋನಿನಲ್ಲಿ 112, ಕೂಗಿದರೆ ಕೇಳಿಸುವ ಪಕ್ಕದ ತೋಟದವರ ಜೊತೆ ಒಂದು ಮಾತು. ಮೊದಲು ಇದನ್ನು ಮಾಡಿ.

ಶೂಟಿಂಗ್ ಕಲಿಯಲು ಮಾತ್ರ ಯಾವ ಕಾಗದಕ್ಕೂ ಕಾಯಬೇಕಿಲ್ಲ. ಏರ್ ಪಿಸ್ತೂಲು ಹೆಚ್ಚು ಕಡಿಮೆ ಒಂದು ಕೇಜಿ ತೂಗುತ್ತದೆ. ನಾಳೆ ಬೆಳಿಗ್ಗೆ ಒಂದು ಲೀಟರ್ ನೀರಿನ ಬಾಟಲಿ ಹಿಡಿದು, ಗೋಡೆಗೆ ಒಂದು ಚುಕ್ಕಿ ಇಟ್ಟು, ಕೈ ಚಾಚಿ ನಿಲ್ಲಿ. ಅರ್ಧ ನಿಮಿಷಕ್ಕೆ ಭುಜ ನಡುಗಲು ಶುರುವಾಗುತ್ತದೆ. ಇಳಿಸಿ, ಉಸಿರು ಬಿಡಿ, ಮತ್ತೆ ಎತ್ತಿ. ದಿನಕ್ಕೆ ಇಪ್ಪತ್ತು ಸಲದಂತೆ ಒಂದು ತಿಂಗಳು ಹೀಗೆ ಮಾಡಿ, ಆಮೇಲೆ ರೇಂಜಿಗೆ ಹೋಗಿ.